ಉತ್ತರ ಎಲ್ಲಿದೆ? ನೆಲವನ್ನು ಅಳೆದ ವಿಲಿಯಂ ಲ್ಯಾಂಬ್ಟನ್

ಮಕ್ಕಳೇ, 'ಉತ್ತರ' ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿವೆ. ಪ್ರಶ್ನೆಗೆ ಕೊಡುವುದು ಉತ್ತರ. ದಕ್ಷಿಣದ ಎದುರಿಗೆ ಇರುವುದೂ ಉತ್ತರ. ಇನ್ನೂರು ವರ್ಷಗಳಿಗೂ ಹಿಂದೆ ಶ್ರೀರಂಗಪಟ್ಟಣದ ಹತ್ತಿರ ಒಬ್ಬ ದೊಡ್ಡ ಸೇನಾಧಿಕಾರಿ ಒಂದೇ ರಾತ್ರಿ ಈ ಎರಡನ್ನೂ ತಪ್ಪಿದ. ಅದೂ ತನ್ನ ಸೈನಿಕರ ಎದುರಿಗೇ!

ಅದು 1799ರ ಏಪ್ರಿಲ್ 4ರ ರಾತ್ರಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಟಿಪ್ಪು ಸುಲ್ತಾನನ ರಾಜಧಾನಿಯನ್ನು ಮುತ್ತಲು ಬಂದು ಬೀಡುಬಿಟ್ಟಿತ್ತು. ಹತ್ತಿರದ ತೋಪೊಂದರಲ್ಲಿ ಟಿಪ್ಪುವಿನ ಕಾವಲು ಪಡೆ ಇರಬಹುದೆಂದು ಕಂಪನಿಯವರಿಗೆ ಅನುಮಾನ. ಅದನ್ನು ಶೋಧಿಸಲು ಜನರಲ್ ಬೇರ್ಡ್ ಎಂಬುವನು ಒಂದು ದಂಡಿನೊಡನೆ ಹೊರಟ. ಕತ್ತಲಲ್ಲಿ ತೋಪನ್ನು ಹಲವು ಸಲ ಅತ್ತಿಂದಿತ್ತ ಹಾದರೂ ಯಾರೂ ಸಿಗಲಿಲ್ಲ. ಇನ್ನು ಬಿಡಾರಕ್ಕೆ ಮರಳೋಣವೆಂದು ಬೇರ್ಡ್ ದಂಡನ್ನು ತಿರುಗಿಸಿದ. ಬಿಡಾರ ಇದ್ದದ್ದು ದಕ್ಷಿಣಕ್ಕೆ.

ಅವನ ಜೊತೆಯಲ್ಲಿ ಹೆಚ್ಚು ಮಾತನಾಡದ ಒಬ್ಬ ಅಧಿಕಾರಿ ಇದ್ದ. ಹೆಸರು ವಿಲಿಯಂ ಲ್ಯಾಂಬ್ಟನ್. ಆಕಾಶ ನಿರ್ಮಲವಾಗಿತ್ತು. ಲ್ಯಾಂಬ್ಟನ್ ತಲೆ ಎತ್ತಿ ನೋಡಿದ. ಸಪ್ತರ್ಷಿ ಮಂಡಲ ಎದುರಿಗೇ ಕಾಣುತ್ತಿತ್ತು! ಏಪ್ರಿಲ್ ತಿಂಗಳ ರಾತ್ರಿಯಲ್ಲಿ ಸಪ್ತರ್ಷಿ ಮಂಡಲ ಉತ್ತರದ ಆಕಾಶದಲ್ಲಿ ಮೇಲೇರಿ ನಿಂತಿರುತ್ತದೆ. ಅದನ್ನು ಎದುರಿಗೆ ಇಟ್ಟುಕೊಂಡು ನಡೆಯುತ್ತಿದ್ದೇವೆ ಎಂದರೆ ಉತ್ತರಕ್ಕೆ ನಡೆಯುತ್ತಿದ್ದೇವೆ ಎಂದೇ ಅರ್ಥ. ಉತ್ತರದಲ್ಲಿ ಇದ್ದದ್ದು ಬಿಡಾರವಲ್ಲ, ಟಿಪ್ಪುವಿನ ಸೈನ್ಯ.

ಲ್ಯಾಂಬ್ಟನ್ ಕೂಡಲೇ ಬೇರ್ಡ್‌ನನ್ನು ಎಚ್ಚರಿಸಿದ. ಬೇರ್ಡ್‌ಗೆ ಖಗೋಳ ವಿಜ್ಞಾನವೆಂದರೆ ಅಷ್ಟಕ್ಕಷ್ಟೆ. ತಾನು ಹೋಗುತ್ತಿರುವ ದಾರಿ ತನಗೆ ಚೆನ್ನಾಗಿ ಗೊತ್ತು, ಅದಕ್ಕೆ ನಕ್ಷತ್ರಗಳನ್ನು ಕೇಳಬೇಕಾಗಿಲ್ಲ ಎಂದು ಗದರಿ ಮುಂದೆ ನಡೆದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟಿಪ್ಪುವಿನ ಕಾವಲು ಪಡೆಯೊಂದು ಎದುರಾಯಿತು. ಕಾದಾಟವಾಯಿತು. ಆಗ ಜನರಲ್‌ಗೆ ಮೊದಲ ಬಾರಿಗೆ ಅನುಮಾನ ಬಂತು. ದೀಪ ಹೊತ್ತಿಸಿ ದಿಕ್ಸೂಚಿಯನ್ನು ತೆಗೆದು ನೋಡಿದರು. ನಕ್ಷತ್ರಗಳು ಹೇಳಿದ್ದೇ ಸರಿಯಾಗಿತ್ತು! ದಿಕ್ಸೂಚಿಯೂ ನಕ್ಷತ್ರಗಳ ಮಾತನ್ನು ಒಪ್ಪಿತು ಎಂದು ಲ್ಯಾಂಬ್ಟನ್ ಮುಂದೆ ಈ ಪ್ರಸಂಗವನ್ನು ನಗುತ್ತ ನೆನೆಯುತ್ತಿದ್ದನಂತೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಬೇರ್ಡ್ ಪೆದ್ದನಲ್ಲ. ಒಂದು ತಿಂಗಳ ನಂತರ, ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ನಾಯಕ ಅವನೇ. ಆದರೆ ದಿಕ್ಕನ್ನು ತಿಳಿಯುವುದು ಎಂದರೇನು ಎಂಬುದು ಅವನಿಗೆ ತಿಳಿದಿರಲಿಲ್ಲ. ತನ್ನ ಮನಸ್ಸಿಗೆ ತೋಚಿದ್ದೇ ಉತ್ತರ ದಿಕ್ಕು ಎಂದುಕೊಂಡಿದ್ದ.

ನಾವು ಕೂಡ ಹೀಗೆಯೇ ಇರುತ್ತೇವೆ. ಶಾಲೆಗಳಿಗೆ ಹೋದಾಗ ನಾನು ಮಕ್ಕಳನ್ನು ಉತ್ತರ ದಿಕ್ಕು ಯಾವ ಕಡೆ ಎಂದು ಕೇಳುತ್ತೇನೆ. ಕೆಲವರು ಥಟ್ಟನೆ ಚಾವಣಿಯ ಕಡೆಗೆ ಕೈ ತೋರಿಸುತ್ತಾರೆ! ಉಳಿದವರು ಗೊಳ್ಳೆಂದು ನಗುತ್ತಾರೆ. ನಗುವಂಥದ್ದು ಏನಿದೆ? ಭೂಪಟವನ್ನು ಗೋಡೆಗೆ ನೇತುಹಾಕಿದ್ದೇವೆ. ಅದರಲ್ಲಿ ಕಾಶ್ಮೀರ ಮೇಲೆ, ಕನ್ಯಾಕುಮಾರಿ ಕೆಳಗೆ. ಮೇಲ್ಭಾಗವೇ ಉತ್ತರ ಎಂದು ಹೇಳಿಕೊಟ್ಟವರೂ ನಾವೇ. ಆ ಮಗು ಪಾಠವನ್ನು ಸರಿಯಾಗಿಯೇ ಕೇಳಿಸಿಕೊಂಡಿದೆ. ಒಂದು ದಿನ ನಿಮ್ಮ ತರಗತಿಯ ಭೂಪಟವನ್ನು ಇಳಿಸಿ ನೆಲದ ಮೇಲೆ ಹಾಸಿ. ಅದರ ಪೂರ್ವ ಭಾಗ ಸೂರ್ಯ ಹುಟ್ಟುವ ಕಡೆಗೆ ಬರುವಂತೆ ತಿರುಗಿಸಿ. ಈಗ ಭೂಪಟದ ಉತ್ತರವೂ ನೆಲದ ಉತ್ತರವೂ ಒಂದೇ ಕಡೆಗೆ ಬಂದಿರುತ್ತವೆ. ಇದಕ್ಕೆ ಖರ್ಚು ಏನೂ ಇಲ್ಲ.

ಹಾಗಾದರೆ ಲ್ಯಾಂಬ್ಟನ್‌ಗೆ ಇದೆಲ್ಲ ಹೇಗೆ ಗೊತ್ತಿತ್ತು? ಅವನು ಯಾರು?

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಶೈರ್‌ನಲ್ಲಿ, ಸಾಧಾರಣ ಕುಟುಂಬದಲ್ಲಿ. ಊರೂರುಗಳ ಸ್ಥಾನವನ್ನು ಅಂಗುಲದ ಲೆಕ್ಕದಲ್ಲಿ ಗುರುತಿಸಿದ ಈ ಮನುಷ್ಯ ಹುಟ್ಟಿದ ವರ್ಷದ ಬಗ್ಗೆ ಮಾತ್ರ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ತರುಣನಾಗಿದ್ದಾಗ ಸೈನ್ಯ ಸೇರಿ ಅಮೆರಿಕಕ್ಕೆ ಹೋದ. ಅಲ್ಲಿನ ಯುದ್ಧ ಮುಗಿದ ಮೇಲೆ ಇಂದಿನ ಕೆನಡಾದ ನ್ಯೂ ಬ್ರನ್ಸ್‌ವಿಕ್ ಎಂಬ ಪ್ರಾಂತ್ಯದಲ್ಲಿ ಸೈನಿಕರ ವಸತಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ದೂರದ ಚಳಿ ನಾಡು, ಹೇಳಿಕೊಳ್ಳುವಂಥ ಕೆಲಸವಿಲ್ಲ, ಕೈತುಂಬ ಬಿಡುವು. ಇಂತಹ ಕಡೆ ಎಷ್ಟೋ ಜನ ಇಸ್ಪೀಟು ಆಡುತ್ತ ಕಾಲ ಕಳೆಯುತ್ತಾರೆ. ಲ್ಯಾಂಬ್ಟನ್ ಗಣಿತದ ಪುಸ್ತಕಗಳನ್ನು ತರಿಸಿಕೊಂಡು ಓದಿದ. ಭೂಮಿಯ ಆಕಾರ ಮತ್ತು ಅಳತೆಯ ವಿಚಾರದಲ್ಲಿ ಯುರೋಪಿನಲ್ಲಿ ಆಗ ಏನೇನು ನಡೆಯುತ್ತಿದೆ ಎಂಬುದನ್ನು ಒಬ್ಬನೇ ಕುಳಿತು ಕಲಿತ. ಹೀಗೆ ಕಳೆದದ್ದು ಒಂದೆರಡಲ್ಲ, ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ.

ಅಲ್ಲಿರುವಾಗಲೇ ಸೂರ್ಯಗ್ರಹಣವನ್ನು ಸರಿಯಾದ ರಕ್ಷಣೆಯಿಲ್ಲದೆ ನೋಡಿ ಅವನ ಒಂದು ಕಣ್ಣಿಗೆ ಪೆಟ್ಟಾಯಿತು ಎಂದು ಹೇಳುತ್ತಾರೆ. ನೀವು ಮಾತ್ರ ಗ್ರಹಣವನ್ನು ಬರಿಗಣ್ಣಿನಿಂದ ನೋಡಲೇಬೇಡಿ. ಅದಕ್ಕೆಂದೇ ತಯಾರಿಸಿದ ಸೌರ ಕನ್ನಡಕವಿದ್ದರೆ ಮಾತ್ರ ನೋಡಿ.

1790ರ ದಶಕದ ಕೊನೆಯಲ್ಲಿ ಅವನ ಪಡೆ ಭಾರತಕ್ಕೆ ಬಂತು. ಹೀಗೆ ನಮ್ಮ ನಾಡಿಗೆ ಲ್ಯಾಂಬ್ಟನ್ ಬಂದದ್ದು ವಿಜ್ಞಾನಿಯಾಗಿ ಅಲ್ಲ, ದಾಳಿ ಮಾಡುವ ಸೈನ್ಯದ ಅಧಿಕಾರಿಯಾಗಿ. ಇದನ್ನು ಮುಚ್ಚಿಡಬೇಕಾಗಿಲ್ಲ. ಯುದ್ಧ ಮುಗಿದು ಟಿಪ್ಪು ಮಡಿದ ಮೇಲೆ ಕಂಪನಿಗೆ ದೊಡ್ಡ ಸೀಮೆಯ ಮೇಲೆ ಹಿಡಿತ ಸಿಕ್ಕಿತು. ಎಲ್ಲಿ ಯಾವ ಊರು, ಎಷ್ಟು ಸಾಗುವಳಿ ನೆಲ, ಸೈನ್ಯ ಸಾಗಲು ಯಾವ ದಾರಿ ಎಂಬುದು ಅವರಿಗೆ ಬೇಕಾಯಿತು. ಕಾಲಿನ್ ಮೆಕೆಂಜಿ ಎಂಬುವನು ಮೈಸೂರು ಸೀಮೆಯ ಮೋಜಣಿಗೆ ಹೊರಟ. ಲ್ಯಾಂಬ್ಟನ್ ಮುಂದಿಟ್ಟ ಯೋಜನೆಯೇ ಬೇರೆ. ಇಡೀ ದಕ್ಷಿಣ ಭಾರತವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ತ್ರಿಭುಜಗಳ ಬಲೆಯಿಂದ ಹೊದಿಸಿ, ಮುಖ್ಯ ಸ್ಥಳಗಳ ಅಕ್ಷಾಂಶ ರೇಖಾಂಶಗಳನ್ನು ತಪ್ಪಿಲ್ಲದೆ ಕಂಡುಹಿಡಿಯುತ್ತೇನೆ, ಅದರ ಜೊತೆಗೇ ಭೂಮಿಯ ಆಕಾರವನ್ನೂ ಪರೀಕ್ಷಿಸುತ್ತೇನೆ ಎಂದ.

ತ್ರಿಭುಜದಿಂದ ದೂರವನ್ನು ಅಳೆಯುವುದು ಹೇಗೆ? ನೀವೇ ಮಾಡಿ ನೋಡಬಹುದು. ನಿಮ್ಮೂರಿನ ಕೆರೆಯ ಆಚೆ ದಡದಲ್ಲಿ ಒಂದು ಆಲದ ಮರವಿದೆ ಎಂದುಕೊಳ್ಳಿ. ನೀರಿಗೆ ಇಳಿಯದೆ ಅದರ ದೂರ ತಿಳಿಯಬೇಕು. ಈಚೆ ದಡದಲ್ಲಿ ಗೂಟ ನೆಟ್ಟು, ಅಲ್ಲಿಂದ 30 ಮೀಟರ್ ದೂರದಲ್ಲಿ ಇನ್ನೊಂದು ಗೂಟ ನೆಡಿ. ಇದೇ ಆಧಾರ ರೇಖೆ. ಮೊದಲ ಗೂಟದ ಬಳಿ ನಿಂತು, ಆಧಾರ ರೇಖೆಗೂ ಮರದ ಕಡೆಗಿನ ನೋಟಕ್ಕೂ ನಡುವಿನ ಕೋನವನ್ನು ಕೋನಮಾಪಕದಿಂದ ಅಳೆಯಿರಿ. 60 ಡಿಗ್ರಿ ಬಂತು ಎನ್ನೋಣ. ಎರಡನೆಯ ಗೂಟದ ಬಳಿ 70 ಡಿಗ್ರಿ ಬಂತು ಎನ್ನೋಣ. ಈಗ ಮನೆಗೆ ಬಂದು ಹಾಳೆಯ ಮೇಲೆ 5 ಮೀಟರಿಗೆ 1 ಸೆಂ.ಮೀ. ಎಂಬ ಪ್ರಮಾಣದಲ್ಲಿ 6 ಸೆಂ.ಮೀ. ಗೆರೆ ಎಳೆಯಿರಿ. ಎರಡು ತುದಿಗಳಲ್ಲಿ ಆ ಎರಡು ಕೋನಗಳನ್ನು ರಚಿಸಿ. ಗೆರೆಗಳು ಸೇರುವ ಜಾಗವೇ ಮರ. ಮೊದಲ ಗೂಟದಿಂದ ಮರಕ್ಕೆ ಹಾಳೆಯಲ್ಲಿ ಸುಮಾರು 7.4 ಸೆಂ.ಮೀ. ಬರುತ್ತದೆ. ಅಂದರೆ ಕೆರೆಯ ಆಚೆಗಿನ ಮರ ಸುಮಾರು 37 ಮೀಟರ್ ದೂರದಲ್ಲಿದೆ! (ಕೆರೆಯ ಹತ್ತಿರ ಹೋಗುವಾಗ ಶಿಕ್ಷಕರು ಜೊತೆಗಿರಲಿ.)

ಒಂದು ತ್ರಿಭುಜ ಸಿದ್ಧವಾದರೆ ಅದರ ಒಂದು ಬಾಹುವೇ ಮುಂದಿನ ತ್ರಿಭುಜಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ದಾಟುತ್ತ ಹೋಗಬಹುದು. ನೆಲದ ಮೇಲೆ ಅಳೆಯಬೇಕಾದದ್ದು ಮೊದಲ ಗೆರೆ ಮಾತ್ರ. ಆಮೇಲೆ ಎಲ್ಲವೂ ಕೋನಗಳು ಮತ್ತು ಗಣಿತ. ಆದರೆ ಆ ಮೊದಲ ಗೆರೆಯಲ್ಲಿ ತಪ್ಪಾದರೆ ಇಡೀ ನಾಡಿನ ಅಳತೆಯೇ ತಪ್ಪು.

ಲ್ಯಾಂಬ್ಟನ್ ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ನಮ್ಮ ಬೆಂಗಳೂರಿನ ಬಯಲನ್ನು. 1800ರ ಕೊನೆಯ ತಿಂಗಳುಗಳಲ್ಲಿ ಅಲ್ಲಿ ಏಳು ಮೈಲಿಗೂ ಉದ್ದದ ಗೆರೆಯೊಂದನ್ನು ಅಳೆದ. ಅವನ ಬಳಿ ಇದ್ದದ್ದು 100 ಅಡಿ ಉದ್ದದ ಉಕ್ಕಿನ ಸರಪಳಿ. ಅದರ ಕಥೆಯೂ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ರಾಯಭಾರಿಗಳು 1793ರಲ್ಲಿ ಚೀನಾದ ಚಕ್ರವರ್ತಿಗೆ ಕೊಡಲೆಂದು ಒಯ್ದ ಕಾಣಿಕೆಗಳಲ್ಲಿ ಅದೂ ಒಂದು. ಅಲ್ಲಿ ಅದು ಬೇಡವಾಯಿತು. ಕೈಯಿಂದ ಕೈಗೆ ದಾಟಿ ಕಲ್ಕತ್ತಕ್ಕೆ ಬಂತು. ಚಕ್ರವರ್ತಿಗೆ ಬೇಡವಾದ ಸರಪಳಿ ಬೆಂಗಳೂರಿನ ಬಯಲಿಗೆ ಬಂತು!

ಇಡೀ ದಕ್ಷಿಣ ಭಾರತದ ಮೋಜಣಿ 1802ರ ಬೇಸಿಗೆಯಲ್ಲಿ ಮದ್ರಾಸಿನ ಸಂತ ಥಾಮಸ್ ಬೆಟ್ಟದ ಬಳಿ ಆರಂಭವಾಯಿತು. ಅಲ್ಲಿ ಅಳೆದ ಆಧಾರ ರೇಖೆಯ ಉದ್ದ ಸುಮಾರು ಏಳೂವರೆ ಮೈಲಿ. ಅಂದರೆ 100 ಅಡಿ ಸರಪಳಿಯನ್ನು 400 ಸಲ ಹಾಸಬೇಕು. ಇದರಲ್ಲಿ ಕಷ್ಟವೇನು ಎನ್ನುತ್ತೀರಾ? ಬಿಸಿಲಿಗೆ ಲೋಹ ಹಿಗ್ಗುತ್ತದೆ ಎಂದು ನೀವು ಓದಿದ್ದೀರಿ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ 100 ಅಡಿಯ ಉಕ್ಕಿನ ಸರಪಳಿ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. ಇದು ಅಕ್ಕಿಕಾಳಿಗಿಂತಲೂ ಸಣ್ಣದು. ಆದರೆ 400 ಸಲ ಸೇರಿದರೆ? 1,400 ಮಿಲಿಮೀಟರ್, ಅಂದರೆ ಸುಮಾರು ಒಂದೂವರೆ ಮೀಟರ್! ಅದಕ್ಕಾಗಿ ಅವನು ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಹಾಸಿ, ಪೆಟ್ಟಿಗೆಗಳನ್ನು ಮುಕ್ಕಾಲಿಗಳ ಮೇಲೆ ಸಮಮಟ್ಟದಲ್ಲಿ ನಿಲ್ಲಿಸಿ, ಬಿಸಿಲು ತಾಕದಂತೆ ಮರೆ ಮಾಡಿ, ಉಷ್ಣಮಾಪಕಗಳನ್ನು ಇಟ್ಟು ಪ್ರತಿ ಸಲವೂ ತಾಪವನ್ನು ಬರೆದುಕೊಂಡು ಲೆಕ್ಕ ಸರಿಪಡಿಸುತ್ತಿದ್ದ.

ಕೋನಗಳನ್ನು ಅಳೆಯಲು ಇಂಗ್ಲೆಂಡಿನಿಂದ ದೊಡ್ಡ ಥಿಯೊಡೊಲೈಟ್ ಬರಬೇಕಾಗಿತ್ತು. ಥಿಯೊಡೊಲೈಟ್ ಎಂದರೆ ದೂರದರ್ಶಕ ಕೂಡಿಸಿದ ಒಂದು ಬಗೆಯ ಕೋನಮಾಪಕ. ನಿಮ್ಮ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಅಂಗೈಯಷ್ಟು ಇರುತ್ತದೆ. ಇದರ ವೃತ್ತದ ಅಡ್ಡಗಲವೇ ಮೂರು ಅಡಿ. ತೂಕ ಸುಮಾರು ಅರ್ಧ ಟನ್! ಅದನ್ನು ತರುತ್ತಿದ್ದ ಹಡಗನ್ನು ದಾರಿಯಲ್ಲಿ ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಪೆಟ್ಟಿಗೆಯಲ್ಲಿ ಇರುವುದು ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ ಅಲ್ಲಿನ ಫ್ರೆಂಚ್ ಗವರ್ನರ್ ಅದನ್ನು ಮರ್ಯಾದೆಯಿಂದ ಮದ್ರಾಸಿಗೆ ಕಳುಹಿಸಿಕೊಟ್ಟ.

ಕೆಲಸ ಶುರುವಾಯಿತು. ಹಣವೂ ಖರ್ಚಾಗತೊಡಗಿತು. ಈಗ ನಮ್ಮ ಕಥೆಯ ಎರಡನೆಯ ಉತ್ತರದ ಸರದಿ.

ಮದ್ರಾಸ್ ಸರ್ಕಾರದ ಹಣಕಾಸು ಸಮಿತಿಯ ಸದಸ್ಯನೊಬ್ಬನಿಗೆ ಈ ಅಳತೆ ದಂಡದ ಖರ್ಚಾಗಿ ಕಂಡಿತು. ಯಾರಾದರೂ ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಪಲ್ಲಕ್ಕಿ ಹೊರುವವರ ಮುಖಂಡನಿಗೆ ಹಾಗೆಂದು ಹೇಳಿದರೆ ಸಾಕು, ಲ್ಯಾಂಬ್ಟನ್ನನ ನಕ್ಷೆಯ ಹಂಗಿಲ್ಲದೆ ನೆಟ್ಟಗೆ ಅಲ್ಲಿಗೇ ಒಯ್ದು ಮುಟ್ಟಿಸುತ್ತಾನೆ ಎಂದು ಅವನು ವಾದಿಸಿದ. ಇಂದಿಗೂ ಮೋಜಣಿಯ ಇತಿಹಾಸವನ್ನು ಬರೆಯುವವರು ಈ ಮಾತನ್ನು ಬಿಡದೆ ಬರೆದು ನಗುತ್ತಾರೆ. ಆ ಸದಸ್ಯನ ಹೆಸರು ಹೆಚ್ಚು ಜನಕ್ಕೆ ತಿಳಿಯದು, ಮಾತು ಮಾತ್ರ ಉಳಿದುಬಿಟ್ಟಿತು.

ನಗುವ ಮೊದಲು ಸ್ವಲ್ಪ ಯೋಚಿಸಿ. ಅವನು ಹೇಳಿದ್ದು ಸುಳ್ಳೇ? ಅಲ್ಲ! ಪಲ್ಲಕ್ಕಿ ಹೊರುವವರಿಗೆ ದಾರಿ ಚೆನ್ನಾಗಿಯೇ ಗೊತ್ತಿತ್ತು. ಯಾವ ಹೊಳೆಯನ್ನು ಎಲ್ಲಿ ದಾಟಬೇಕು, ಯಾವ ಊರಿನ ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಆ ತಿಳಿವಳಿಕೆ ಕೀಳಲ್ಲ. ಲ್ಯಾಂಬ್ಟನ್ನನ ಅರ್ಧ ಟನ್ ಯಂತ್ರ ಬೆಟ್ಟದ ತುದಿ ಮುಟ್ಟಿದ್ದೂ ಇಂತಹ ಜನರ ಹೆಗಲ ಮೇಲೆಯೇ. ಬಾವುಟ ಹಿಡಿದು ದೂರದ ಬೆಟ್ಟಗಳಲ್ಲಿ ದಿನಗಟ್ಟಲೆ ಕಾದವರು, ಕಾಡು ಕಡಿದು ನೋಟಕ್ಕೆ ದಾರಿ ಮಾಡಿದವರು ಎಲ್ಲರೂ ಅವರೇ. ವರದಿಗಳಲ್ಲಿ ಅವರ ಹೆಸರುಗಳಿಲ್ಲ ಎಂಬುದು ಬೇಸರದ ಸಂಗತಿ.

ಹಾಗಾದರೆ ಸಮಿತಿಯ ಸದಸ್ಯ ತಪ್ಪಿದ್ದು ಎಲ್ಲಿ? ಅವನಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗುವುದು ಹೇಗೆ ಎಂದು ಲ್ಯಾಂಬ್ಟನ್ ಕೇಳಿರಲೇ ಇಲ್ಲ. ಶ್ರೀರಂಗಪಟ್ಟಣ ಭೂಮಿಯ ಮೇಲೆ ಎಲ್ಲಿದೆ ಎಂದು ಕೇಳಿದ್ದ. ಈ ಎರಡು ಪ್ರಶ್ನೆಗಳು ಬೇರೆ ಬೇರೆ.

ನಿಮ್ಮ ಮನೆಯಿಂದ ಶಾಲೆಗೆ ನೀವು ಕಣ್ಣು ಮುಚ್ಚಿಕೊಂಡೂ ಬರಬಲ್ಲಿರಿ. ಶಾಲೆ ನಿಮ್ಮ ಮನೆಯಿಂದ ಯಾವ ದಿಕ್ಕಿಗೆ, ನೇರವಾಗಿ ಎಷ್ಟು ಮೀಟರ್ ದೂರದಲ್ಲಿದೆ? ಹೇಳಿ ನೋಡೋಣ. ಈಗ ಗೊತ್ತಾಯಿತೇ?

ಆ ಕಾಲದ ಭೂಪಟಗಳಲ್ಲಿ ಇದೇ ತೊಡಕು ಇತ್ತು. ಅವುಗಳಲ್ಲಿ ಎಷ್ಟೋ ದೂರಗಳು ದಾರಿಯ ಲೆಕ್ಕದಿಂದ ಬಂದವು. ಹಿಡಿ ಇರುವ ಚಕ್ರವೊಂದನ್ನು ದಾರಿಯುದ್ದಕ್ಕೂ ಉರುಳಿಸಿ ಸುತ್ತುಗಳನ್ನು ಎಣಿಸುತ್ತಿದ್ದರು. ದಾರಿಯಾದರೋ ಕೆರೆಯ ಏರಿ ಬಳಸಿ, ಗುಡ್ಡ ಸುತ್ತಿ, ಘಟ್ಟದಲ್ಲಿ ಹಾವಿನಂತೆ ಹೊರಳಿ ಸಾಗುತ್ತದೆ. ಇಂದಿಗೂ ಚೆನ್ನೈಯಿಂದ ಬೆಂಗಳೂರಿನ ಮೇಲೆ ಮಂಗಳೂರಿಗೆ ರಸ್ತೆಯಲ್ಲಿ ಹೋದರೆ ಸುಮಾರು 700 ಕಿ.ಮೀ. ಆಗುತ್ತದೆ. ಹಕ್ಕಿ ಹಾರಿದಂತೆ ನೇರವಾಗಿ ಹೋದರೆ 600 ಕಿ.ಮೀ. ಕೂಡ ಇಲ್ಲ. ಹಿಂದಿನವರು ದಾರಿಯ ಸುತ್ತುಬಳಸನ್ನು ಅಂದಾಜಿನಿಂದ ಕಳೆಯುತ್ತಿದ್ದರು. ಅಂದಾಜು ಎಷ್ಟಾದರೂ ಅಂದಾಜೇ.

ಲ್ಯಾಂಬ್ಟನ್ ಮದ್ರಾಸಿನಿಂದ ಪಶ್ಚಿಮಕ್ಕೆ ತ್ರಿಭುಜಗಳನ್ನು ಹೆಣೆಯುತ್ತ ಬಂದ. 1804ರಲ್ಲಿ ಬೆಂಗಳೂರಿನ ಬಳಿ ಒಂದು ಪರೀಕ್ಷೆ ನಡೆಯಿತು. ಮದ್ರಾಸಿನಿಂದ ಅಲ್ಲಿಯವರೆಗೆ ಬಂದ ತ್ರಿಭುಜಗಳ ಲೆಕ್ಕದಿಂದ ಬೆಂಗಳೂರಿನ ಒಂದು ಗೆರೆ ಎಷ್ಟು ಉದ್ದವಿರಬೇಕು ಎಂದು ಮೊದಲು ಗಣಿತದಿಂದ ತಿಳಿದುಕೊಂಡರು. ಆಮೇಲೆ ಅದೇ ಗೆರೆಯನ್ನು ಸರಪಳಿ ಹಾಸಿ ಅಳೆದರು. ಏಳು ಮೈಲಿಗೂ ಹೆಚ್ಚಿನ ಆ ಗೆರೆಯಲ್ಲಿ ಎರಡು ಉತ್ತರಗಳ ನಡುವೆ ಬಂದ ವ್ಯತ್ಯಾಸ ಎಷ್ಟು ಗೊತ್ತೇ? ನಾಲ್ಕು ಅಂಗುಲಕ್ಕೂ ಕಡಿಮೆ! ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ತನ್ನ ಉತ್ತರ ಸರಿ ಎಂದು ಲ್ಯಾಂಬ್ಟನ್ ಹೇಳಿಕೊಂಡು ತಿರುಗಲಿಲ್ಲ. ತಪ್ಪಾಗಿದ್ದರೆ ಎಲ್ಲರಿಗೂ ಕಾಣುವಂತಹ ಪರೀಕ್ಷೆಯನ್ನು ತಾನೇ ಇಟ್ಟುಕೊಂಡ. ಜನರಲ್ ಬೇರ್ಡ್ ಮಾಡದೆ ಬಿಟ್ಟದ್ದು ಇದನ್ನೇ. ದಿಕ್ಸೂಚಿ ಆ ರಾತ್ರಿ ಅವನ ಬಳಿಯೇ ಇತ್ತಲ್ಲ!

ಅಲ್ಲಿಂದ ಮುಂದೆ ಕೊಡಗಿನ ತಡಿಯಂಡಮೋಳ್‌ನಂತಹ ಶಿಖರಗಳ ಮೂಲಕ ತ್ರಿಭುಜಗಳು ಘಟ್ಟ ಇಳಿದು ಅರಬ್ಬೀ ಸಮುದ್ರವನ್ನು ಮುಟ್ಟಿದವು. ಈ ಕೆಲಸದಲ್ಲಿ ಲ್ಯಾಂಬ್ಟನ್ನನಿಗೆ ನೆರವಾದ ಹೆನ್ರಿ ಕೇಟರ್ ಎಂಬ ತರುಣ ಮೈಸೂರು ಸೀಮೆಯಲ್ಲಿ ಬೆಳೆಯುವ ಒಂದು ಹುಲ್ಲಿನ ಮುಳ್ಳನ್ನು ಬಳಸಿ ಗಾಳಿಯ ತೇವವನ್ನು ಅಳೆಯುವ ಉಪಕರಣ ಮಾಡಿದ. ಬಯಲಿನಲ್ಲಿ ಓಡಾಡಿದರೆ ಬಟ್ಟೆಗೆ ಚುಚ್ಚಿಕೊಳ್ಳುವ, ಒದ್ದೆಯಾದರೆ ತಾನಾಗಿ ತಿರುಚಿಕೊಳ್ಳುವ ಮುಳ್ಳು ಅದು. ನೀವೂ ನೋಡಿರಬಹುದು.

ಕರಾವಳಿ ಮುಟ್ಟಿದ ಮೇಲೆ ಲೆಕ್ಕ ಹಾಕಿದರೆ ಅಚ್ಚರಿ ಕಾದಿತ್ತು. ಮದ್ರಾಸಿನಿಂದ ಮಂಗಳೂರಿನ ಕಡೆಗೆ ಪರ್ಯಾಯ ದ್ವೀಪದ ಅಗಲ 400 ಮೈಲಿ ಎಂದು ಭೂಪಟಗಳು ತೋರಿಸುತ್ತಿದ್ದವು. ಅಳೆದಾಗ ಸಿಕ್ಕಿದ್ದು ಸುಮಾರು 360 ಮೈಲಿ, ಅಂದರೆ 580 ಕಿ.ಮೀ. ಮಾತ್ರ. ಕಾಗದದ ಮೇಲಿದ್ದ 40 ಮೈಲಿ ಅಗಲದ ನೆಲ ನಿಜವಾಗಿ ಇರಲೇ ಇಲ್ಲ! ಸರ್ಕಾರಿ ಕಚೇರಿಗಳ ಗೋಡೆಗಳ ಮೇಲೆ, ಪಂಡಿತರ ಪುಸ್ತಕಗಳಲ್ಲಿ, ಎಲ್ಲರ ಕಣ್ಣೆದುರಿಗೇ ಈ ತಪ್ಪು ಉತ್ತರ ವರ್ಷಗಟ್ಟಲೆ ನೇತಾಡುತ್ತಿತ್ತು. ಅದನ್ನು ನೋಡಿ ಯಾರೂ ನಕ್ಕಿರಲಿಲ್ಲ. ಏಕೆಂದರೆ ಎಲ್ಲರೂ ಅದನ್ನೇ ಓದಿ ಕಲಿತಿದ್ದರು.

ಆಮೇಲೆ ಲ್ಯಾಂಬ್ಟನ್ ದಕ್ಷಿಣೋತ್ತರವಾಗಿ ಅಳೆಯುವ ಕೆಲಸವನ್ನು ಕೈಗೆತ್ತಿಕೊಂಡ. ಬಹುಮಟ್ಟಿಗೆ 78 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸಿದ ಈ ತ್ರಿಭುಜ ಸರಣಿಗೆ 'ಮಹಾಕಂಸ' ಎಂದು ಹೆಸರು. ಇದರ ಉದ್ದೇಶ ಭೂಮಿಯ ಆಕಾರವನ್ನು ತಿಳಿಯುವುದು. ಇದಕ್ಕೂ ನಕ್ಷತ್ರಗಳೇ ಬೇಕು. ಶ್ರೀರಂಗಪಟ್ಟಣದಲ್ಲಿ ನಿಂತರೆ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 12 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಬೀದರ್‌ನಲ್ಲಿ ಸುಮಾರು 18 ಡಿಗ್ರಿ. ನಿಮ್ಮ ಊರಿನ ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ನಕ್ಷತ್ರಗಳ ಕೋನದಲ್ಲಿ ಒಂದು ಡಿಗ್ರಿ ವ್ಯತ್ಯಾಸ ಬರಬೇಕಾದರೆ ನೆಲದ ಮೇಲೆ ಎಷ್ಟು ದೂರ ಉತ್ತರಕ್ಕೆ ಹೋಗಬೇಕು? ಭೂಮಿ ಪೂರ್ಣ ಗೋಳವಾಗಿದ್ದರೆ ಈ ದೂರ ಎಲ್ಲ ಕಡೆಯೂ ಒಂದೇ ಇರಬೇಕು. ಆದರೆ ನಮ್ಮ ಸೀಮೆಯಲ್ಲಿ ಅದು ಸುಮಾರು 110.6 ಕಿ.ಮೀ., ಧ್ರುವಗಳ ಹತ್ತಿರ ಸುಮಾರು 111.7 ಕಿ.ಮೀ. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರುವುದೇ ಇದಕ್ಕೆ ಕಾರಣ. ಈ ಒಂದು ಕಿಲೋಮೀಟರಿನ ವ್ಯತ್ಯಾಸವನ್ನು ಹಿಡಿಯಲು ಎಷ್ಟು ಸೂಕ್ಷ್ಮವಾಗಿ ಅಳೆಯಬೇಕೆಂದು ನೀವೇ ಊಹಿಸಿ.

1808ರಲ್ಲಿ ತಂಜಾವೂರಿನಲ್ಲಿ ದೊಡ್ಡ ಅವಘಡವಾಯಿತು. ಅದು ಕಾವೇರಿಯ ಮುಖಜ ಭೂಮಿ. ಬೆಟ್ಟವೇ ಇಲ್ಲ, ಎಲ್ಲಿ ನೋಡಿದರೂ ಗದ್ದೆ ಮತ್ತು ತೆಂಗು. ಎತ್ತರದಿಂದ ನೋಡಬೇಕೆಂದು ಬೃಹದೀಶ್ವರ ದೇವಾಲಯದ ಗೋಪುರದ ಮೇಲಕ್ಕೆ ಥಿಯೊಡೊಲೈಟನ್ನು ಹಗ್ಗದಿಂದ ಎಳೆಯುತ್ತಿದ್ದಾಗ ಹಗ್ಗ ಕಿತ್ತಿತು. ಯಂತ್ರ ಗೋಡೆಗೆ ಅಪ್ಪಳಿಸಿ ಅದರ ವೃತ್ತ ಸೊಟ್ಟಗಾಯಿತು. ಹೊಸದನ್ನು ಇಂಗ್ಲೆಂಡಿನಿಂದ ತರಿಸಲು ವರ್ಷಗಳೇ ಬೇಕು. ಲ್ಯಾಂಬ್ಟನ್ ಅದರೊಡನೆ ಡೇರೆಯೊಳಗೆ ಸೇರಿಕೊಂಡ. ಹಲಗೆಯ ಮೇಲೆ ವೃತ್ತದ ಮೊದಲಿನ ಅಳತೆಯನ್ನು ಗೀಚಿಕೊಂಡು, ಬೆಣೆ, ತಿರುಪು, ರಾಟೆಗಳಿಂದ ಸೊಟ್ಟಾದ ಲೋಹವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಳೆದು ಸರಿಮಾಡುತ್ತ ಹೋದ. ಆರು ವಾರಗಳ ನಂತರ ಯಂತ್ರ ಮತ್ತೆ ಕೆಲಸಕ್ಕೆ ಬಂತು.

ತ್ರಿಭುಜಗಳು ಉತ್ತರಕ್ಕೆ ಸಾಗುತ್ತಲೇ ಹೋದವು. 1815ರಲ್ಲಿ ಬೀದರ್ ಬಳಿ ಇನ್ನೊಂದು ಆಧಾರ ರೇಖೆಯನ್ನು ಅಳೆದರು. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಲ್ಯಾಂಬ್ಟನ್ನನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಮರು ವರ್ಷ ಅವನ ಕೆಲಸಕ್ಕೆ 'ಭಾರತದ ಮಹಾ ತ್ರಿಕೋನಮಿತಿ ಮೋಜಣಿ' ಎಂಬ ಹೆಸರು ಬಂತು. ಅದೇ ವರ್ಷ ಅವನಿಗೆ ಒಬ್ಬ ಸಹಾಯಕನನ್ನು ಕೊಟ್ಟರು. ಆ ಸಹಾಯಕನ ಹೆಸರು ನಿಮಗೆಲ್ಲ ಗೊತ್ತು: ಜಾರ್ಜ್ ಎವರೆಸ್ಟ್!

ಹೌದು, ಶಿಖರಕ್ಕೆ ಇಟ್ಟಿರುವುದು ಇವನ ಹೆಸರನ್ನೇ. ಲ್ಯಾಂಬ್ಟನ್ನನ ನಂತರ ಎವರೆಸ್ಟ್ ಮಹಾಕಂಸವನ್ನು ಹಿಮಾಲಯದ ತಪ್ಪಲಿನವರೆಗೆ ಒಯ್ದ. ಅವನು ಇಂಗ್ಲೆಂಡಿಗೆ ಮರಳಿದ ಮೇಲೆ ಅದೇ ತ್ರಿಭುಜಗಳನ್ನು ಆಧಾರವಾಗಿಟ್ಟುಕೊಂಡು ಹಿಮಾಲಯದ ಶಿಖರಗಳ ಎತ್ತರವನ್ನು ಲೆಕ್ಕ ಹಾಕಿದರು. ಆ ಲೆಕ್ಕದ ಕೆಲಸದಲ್ಲಿ ಮುಖ್ಯನಾಗಿದ್ದ ಗಣಿತಜ್ಞ ಬಂಗಾಳದ ರಾಧಾನಾಥ ಸಿಕ್ದರ್. ಅತ್ಯಂತ ಎತ್ತರದ ಶಿಖರಕ್ಕೆ 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. 2020ರಲ್ಲಿ ನೇಪಾಳ ಮತ್ತು ಚೀನಾ ಸೇರಿ ಪ್ರಕಟಿಸಿದ ಎತ್ತರ 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ಉಪಗ್ರಹಗಳ ನೆರವು ಇಲ್ಲದ ಕಾಲದ ಉತ್ತರಕ್ಕೂ ಇಂದಿನ ಉತ್ತರಕ್ಕೂ ವ್ಯತ್ಯಾಸ 30 ಅಡಿ ಮಾತ್ರ.

ನಿಮ್ಮ ಪರೀಕ್ಷೆಯಲ್ಲಿ ಎವರೆಸ್ಟ್ ಶಿಖರದ ಎತ್ತರವೆಷ್ಟು ಎಂದು ಒಂದು ಅಂಕದ ಪ್ರಶ್ನೆ ಬರುತ್ತದೆ. ಯಾರೂ ಟೇಪು ಹಿಡಿದು ಹತ್ತದೆಯೇ ಆ ಎತ್ತರ ಹೇಗೆ ತಿಳಿಯಿತು ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ. ನನ್ನನ್ನು ಕೇಳಿದರೆ ಐದು ಅಂಕ ಕೊಡಬೇಕಾದದ್ದು ಅದಕ್ಕೆ. ವೇದಿಕೆಯ ಮೇಲೆ ರಸಪ್ರಶ್ನೆಯಲ್ಲಿ ಯಾರೋ ಒಂದು ರಾಜಧಾನಿಯ ಹೆಸರು ತಪ್ಪಿದರೆ ಸಭೆಯೆಲ್ಲ ನಗುತ್ತದೆ, ಮರುದಿನವೂ ಅದೇ ಮಾತು. ಹೆಸರು ಮರೆತರೆ ಪುಸ್ತಕದಲ್ಲಿ ಹುಡುಕಬಹುದು. ಆದರೆ ಆ ಸ್ಥಳ ಅಲ್ಲಿಯೇ ಇದೆ ಎಂಬುದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ ಸರಿಯಾಗಿ ಹೆಸರು ಹೇಳಿದವರೂ ತಬ್ಬಿಬ್ಬಾಗುತ್ತಾರೆ. ನೀವು ಒಮ್ಮೆ ನಿಮ್ಮ ಶಿಕ್ಷಕರನ್ನು ಕೇಳಿ ನೋಡಿ. ಒಳ್ಳೆಯ ಶಿಕ್ಷಕರು ಕೋಪಿಸಿಕೊಳ್ಳುವುದಿಲ್ಲ. ನಿಮ್ಮ ಜೊತೆ ಕೆರೆಯ ದಂಡೆಗೆ ಬರುತ್ತಾರೆ.

ಲ್ಯಾಂಬ್ಟನ್ ತನ್ನ ಊರಿಗೆ ಮರಳಲೇ ಇಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಡೇರೆಯಿಂದ ಡೇರೆಗೆ ಸಾಗಿದ. ಅಷ್ಟರಲ್ಲಿ ಅವನ ತ್ರಿಭುಜಗಳು ಸುಮಾರು 1,65,000 ಚದರ ಮೈಲಿ ನೆಲವನ್ನು ಹೊದಿಸಿದ್ದವು. ವಯಸ್ಸಾಗಿತ್ತು, ಕೆಮ್ಮು ಹಿಡಿದಿತ್ತು. ಆದರೂ ಅಳತೆಯನ್ನು ಉತ್ತರಕ್ಕೆ ಇನ್ನಷ್ಟು ಬೆಳೆಸಬೇಕೆಂದು ಹೈದರಾಬಾದಿನಿಂದ ನಾಗಪುರದ ಕಡೆಗೆ ಹೊರಟ. 1823ರ ಜನವರಿ 20ರಂದು ದಾರಿಯಲ್ಲಿಯೇ, ಹಿಂಗನ್‌ಘಾಟ್ ಎಂಬ ಊರಿನ ಬಿಡಾರದಲ್ಲಿ ತೀರಿಕೊಂಡ. ಅವನ ಸಮಾಧಿ ಅಲ್ಲಿಯೇ ಇದೆ.

ಹಿಂಗನ್‌ಘಾಟ್ ಇಂದಿನ ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯಲ್ಲಿದೆ. ಅದರ ಅಕ್ಷಾಂಶ ಸುಮಾರು 20.5 ಡಿಗ್ರಿ ಉತ್ತರ, ರೇಖಾಂಶ ಸುಮಾರು 78.8 ಡಿಗ್ರಿ ಪೂರ್ವ. ನಿಮ್ಮ ಭೂಪಟದಲ್ಲಿ ಆ ಹೆಸರು ಇಲ್ಲದಿರಬಹುದು. ಎರಡು ಗೆರೆಗಳನ್ನು ಎಳೆದರೆ ಜಾಗ ಸಿಗುತ್ತದೆ.